ಭಟ್ಟಿಯ ಬಾಗಿಲಿಗೆ ಹಚ್ಚಿದ ಕೀಲೆಣ್ಣೆ

ವಿಜಯಪುರದಲ್ಲಿ ಕೂತು ಉಕ್ಕಿನ ಕಾರ್ಖಾನೆಯ ಭಟ್ಟಿಗಳಿಗೆ ಗೇರು ಚಕ್ರ ಮಾಡುತ್ತಿದ್ದೆವು ಎಂದರೆ ಕೇಳಿದವರು ಮೊದಲು ನಗುತ್ತಾರೆ. ಅವರ ಪ್ರಕಾರ ನಮ್ಮೂರೆಂದರೆ ಗುಮ್ಮಟ, ದ್ರಾಕ್ಷಿ, ಬಿಸಿಲು, ಅಷ್ಟೇ. ಉಕ್ಕಿಗೂ ನಿಮಗೂ ಏನು ಬೀಗತನ ಎಂದು ಕೇಳುತ್ತಾರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ಮೊದಮೊದಲು ಜಗಳಕ್ಕೆ ನಿಂತವನಂತೆ ವಿವರಿಸುತ್ತಿದ್ದೆ. ಈಗ ಕೇಳಿದವರಿಗೆ ಹೂಂ ಎಂದು ಸುಮ್ಮನಾಗುತ್ತೇನೆ.

ಇಲ್ಲಿ ಮಾತ್ರ ವಿವರಿಸಲೇಬೇಕು. ಆ ಗೇರು ಹೇಗೆ ತಿರುಗುತ್ತದೆ ಎಂದು ಗೊತ್ತಾಗದಿದ್ದರೆ ನಾನು ಮಾಡಿದ ತಪ್ಪು ಎಂಥದು ಎಂದೂ ಗೊತ್ತಾಗುವುದಿಲ್ಲ. ಆ ತಪ್ಪಿನಿಂದ ನನ್ನ ಅಕ್ಕನ ಗಂಡನ ಬಲಗೈ ಸುಟ್ಟಿತು. ಆ ತಪ್ಪನ್ನು ನನಗೆ ಕೆಲಸ ಕಲಿಸಿದ ಗುರುಗಳು ತಮ್ಮ ತಲೆಯ ಮೇಲೆ ಹೊತ್ತುಕೊಂಡರು. ನಾನು ಮೂರು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಇಬ್ಬರ ಮನೆಯ ನಡುವೆ ಓಡಾಡಿಕೊಂಡಿದ್ದೆ.

ನಮ್ಮ ವರ್ಕ್‌ಶಾಪು ಇಬ್ರಾಹಿಂಪುರದಲ್ಲಿ ರೈಲು ಹಳಿಯ ಮಗ್ಗುಲಿಗಿದೆ. ತಗಡಿನ ಉದ್ದನೆಯ ಶೆಡ್ಡು, ಎರಡು ಲೇಥು, ಗೇರಿನ ಹಲ್ಲು ಕಡಿಯುವ ಒಂದು ಹಳೆಯ ಯಂತ್ರ. ಗಾಡಿ ಹೋದಾಗ ಗೋಡೆಗೆ ನೇತುಹಾಕಿದ, ನಟ್ಟು ಬಿಗಿಯುವ ಪಾನಾಗಳು ಕಿಣಿಕಿಣಿ ಅನ್ನುತ್ತವೆ. ನಾನು ಟಿಕೋಟಾದವನು. ಐಟಿಐ ಮುಗಿಸಿ ಇಪ್ಪತ್ತರ ಹರೆಯದಲ್ಲಿ ಇಲ್ಲಿಗೆ ಬಂದವನು ಈಗ ನಲವತ್ತು ದಾಟಿದ್ದೇನೆ, ದಿನಾ ಬೈಕಿನಲ್ಲಿ ಬಂದು ಹೋಗುತ್ತೇನೆ. ಶೆಡ್ಡಿನ ಯಜಮಾನರನ್ನು ಎಲ್ಲರೂ ಉಸ್ತಾದರು ಎನ್ನುತ್ತೇವೆ. ಎಪ್ಪತ್ತರ ಹತ್ತಿರದ ಮನುಷ್ಯ, ಬಿಳಿ ಗಡ್ಡ, ಎಡಗಣ್ಣಿಗೆ ಪೊರೆ. ಆದರೂ ಹಲ್ಲಿನ ಮೇಲೆ ಉಗುರು ಎಳೆದು ಎಲ್ಲಿ ತಗ್ಗು, ಎಲ್ಲಿ ಉಬ್ಬು ಹೇಳುತ್ತಾರೆ. ನಾವು ಅಳತೆಯ ಉಪಕರಣ ಹಿಡಿದು ಅದನ್ನೇ ಹೇಳುವಷ್ಟರಲ್ಲಿ ಅವರ ಚಹಾ ಮುಗಿದಿರುತ್ತದೆ.

ಶೆಡ್ಡಿನ ಹೊಟ್ಟೆ ತುಂಬಿಸುತ್ತಿದ್ದದ್ದು ನಮ್ಮ ಟಿಕೋಟಾ ಕಡೆಯ ದ್ರಾಕ್ಷಿ ತೋಟಗಳ ಔಷಧ ಹೊಡೆಯುವ ಯಂತ್ರಗಳು ಮತ್ತು ಕಬ್ಬಿನ ಗಾಣಗಳು. ಆದರೆ ಉಸ್ತಾದರ ಜೀವವಿದ್ದದ್ದು ಭಟ್ಟಿಯ ಗೇರಿನಲ್ಲಿ. ಕೊಪ್ಪಳದ ಕಡೆಯ ಒಂದು ಕಾರ್ಖಾನೆಗೆ ಅವರು ಆ ಗೇರು ಮಾಡಿಕೊಡುತ್ತಿದ್ದರು. ಅಲ್ಲಿ ಉಕ್ಕಿನ ದಿಮ್ಮಿಗಳನ್ನು ಭಟ್ಟಿಯಲ್ಲಿ ಕೆಂಪಗೆ ಕಾಯಿಸಿ ಆಮೇಲೆ ಸರಳುಗಳಾಗಿ ಎಳೆಯುತ್ತಾರೆ. ಭಟ್ಟಿಗೆ ಒಂದು ಬಾಗಿಲು, ಒಳಮೈಗೆ ಬೆಂಕಿ ತಡೆಯುವ ಇಟ್ಟಿಗೆ ಕೂರಿಸಿದ ಕಬ್ಬಿಣದ ಭಾರೀ ಹಲಗೆ. ಅದು ಮನೆಯ ಬಾಗಿಲಿನ ಹಾಗೆ ಪಕ್ಕಕ್ಕೆ ತೆರೆಯುವುದಿಲ್ಲ, ಸರಪಳಿಯ ಮೇಲೆ ಮೇಲಕ್ಕೇರುತ್ತದೆ. ಏರಿಸುವುದು ಮೋಟಾರು, ಮೋಟಾರಿನ ಓಟವನ್ನು ಬಲವಾಗಿ ಬದಲಿಸುವುದು ಗೇರು. ಕರೆಂಟು ಹೋದರೆ ಕೈಯಿಂದ ತಿರುಗಿಸಲು ಪಕ್ಕದಲ್ಲೊಂದು ಚಕ್ರ. ಮೋಟಾರಿನ ಕಡೆಯ ಗೇರುಗಳು ಪೆಟ್ಟಿಗೆಯೊಳಗೆ ತಣ್ಣಗಿರುತ್ತವೆ. ಕಡೆಯ ಜೋಡಿ ಮಾತ್ರ ಬಾಗಿಲಿನ ನೆತ್ತಿಯ ಮೇಲೆ, ಭಟ್ಟಿಯ ಉಸಿರಿಗೆ ಎದುರಾಗಿ ತಿರುಗಬೇಕು. ಆ ಜೋಡಿಯೇ ಉಸ್ತಾದರ ಕೈಚಳಕ.

ಸಾಮಾನ್ಯ ಗೇರುಗಾರ ಹಲ್ಲಿಗೆ ಹಲ್ಲು ಬಿಗಿಯಾಗಿ ಕೂರಿಸಿ ಮೀಸೆ ತಿರುವುತ್ತಾನೆ. ಉಸ್ತಾದರ ಭಟ್ಟಿ ಗೇರು ಬೆಂಚಿನ ಮೇಲೆ ಗಡಗಡ ಅಲುಗಾಡುತ್ತಿತ್ತು. ಹೊಸಬನಾಗಿದ್ದಾಗ ಇದೇನು ಸಡಿಲ ಕೆಲಸ ಎಂದು ನಾನು ಮುಖ ಸಿಂಡರಿಸಿದ್ದೆ. ಅವರು ಶೆಡ್ಡಿನ ಹಿಂದೆ ಇದ್ದಿಲ ಗುಂಡಿ ಹೊತ್ತಿಸಿ, ಎರಡೂ ಗೇರುಗಳನ್ನು ಕಾಯಿಸಿ, ಇಕ್ಕಳದಿಂದ ತಂದು ಜೋಡಿಸಿ ತಿರುಗಿಸಿ ತೋರಿಸಿದರು. ಅಲುಗಾಟವೆಲ್ಲ ಮಾಯವಾಗಿತ್ತು.

"ಲೇ ತಮ್ಮಾ, ಗೇರಿನ ಹಲ್ಲು ಅಂದ್ರ ಬೀಗರಿದ್ದಂಗ" ಎಂದರು. "ನಡಕ ಸ್ವಲ್ಪ ಸಂದ ಇರಬೇಕು. ಬಿಸಿ ಏರಿದಾಗ ಎಲ್ಲಾರೂ ಉಬ್ಬತಾರ. ಆವಾಗ ಸಂದ ಇರಲಿಲ್ಲಂದ್ರ ಒಬ್ಬರನ್ನೊಬ್ಬರು ಹಿಡಕೊಂಡು ನಿಂತ ಬಿಡತಾರ."

ಇಷ್ಟು ಧಾರಾಳವಾಗಿ ಹೇಳಿದ ಮನುಷ್ಯ ಇನ್ನೊಂದು ವಿಷಯದಲ್ಲಿ ಮಾತ್ರ ಮುಷ್ಟಿ ಬಿಗಿ ಹಿಡಿದಿದ್ದರು. ಆ ಕಡೆಯ ಜೋಡಿಗೆ ಎಣ್ಣೆಯನ್ನಾಗಲಿ ಗ್ರೀಸನ್ನಾಗಲಿ ಅವರು ಮುಟ್ಟಿಸುತ್ತಿರಲಿಲ್ಲ. ಪೆನ್ಸಿಲಿನೊಳಗಿನ ಕರಿ ಕಡ್ಡಿಯಂಥ ಗ್ರಾಫೈಟ್ ಪುಡಿಯನ್ನು ಬಟ್ಟೆಯಿಂದ ಉಜ್ಜುತ್ತಿದ್ದರು, ಅಷ್ಟೇ.

"ಯಾಕ್ರಿ ಉಸ್ತಾದರ?" ಎಂದು ಒಮ್ಮೆ ಕೇಳಿದ್ದೆ.

"ಹಚ್ಚಬ್ಯಾಡ ಅಂದ್ರ ಹಚ್ಚಬ್ಯಾಡ."

ಮತ್ತೆ ಕೇಳುವ ಧೈರ್ಯ ನನಗಿರಲಿಲ್ಲ, ಹೇಳುವ ಮನಸ್ಸು ಅವರಿಗಿರಲಿಲ್ಲ.

ನನ್ನ ಅಕ್ಕನನ್ನು ಬಬಲೇಶ್ವರಕ್ಕೆ ಕೊಟ್ಟಿದೆ. ಅವಳ ಗಂಡನನ್ನು ನಾನು ಮಾಮಾ ಎನ್ನುತ್ತೇನೆ. ಮಾಮಾ ಆಡು ಸಾಕುವ ಮನೆತನದವರು, ಮಾತು ಕಡಿಮೆ. ಆಡುಗಳನ್ನು ಅವರ ತಮ್ಮ ನೋಡಿಕೊಳ್ಳತೊಡಗಿದ ಮೇಲೆ ತಿಂಗಳ ಪಗಾರದ ಕೆಲಸ ಬೇಕು ಅಂದಾಗ ನಾನೇ ಮುಂದಾಗಿ ಆ ಕಾರ್ಖಾನೆಯ ಮೇಸ್ತ್ರಿಯ ಹತ್ತಿರ ಮಾತಾಡಿದೆ. ಭಟ್ಟಿಯ ಬಾಗಿಲು ಎತ್ತಿ ಇಳಿಸುವ ಕೆಲಸ ಸಿಕ್ಕಿತು. ಬೆಂಕಿಯ ಮುಂದೆ ನಿಲ್ಲುವ ಕೆಲಸವೇ ಆದರೂ ಮಾಮಾ ಎಂದೂ ದೂರಲಿಲ್ಲ. ಎರಡು ತಿಂಗಳಿಗೊಮ್ಮೆ ಊರಿಗೆ ಬಂದಾಗ ಹುಬ್ಬು ಸುಟ್ಟು ಕಂದಾಗಿರುತ್ತಿತ್ತು. ಅಕ್ಕ ಅದಕ್ಕೆ ನಗುತ್ತಿದ್ದಳು.

ಆ ವರ್ಷ ಹೊಸ ಗೇರು ಜೋಡಿಸಲು ಉಸ್ತಾದರು ನನ್ನೊಬ್ಬನನ್ನೇ ಕಳಿಸಿದರು. ಅವರ ಕಣ್ಣಿಗೆ ಆ ಬೆಂಕಿ ಆಗುತ್ತಿರಲಿಲ್ಲ. ನನಗೆ ಎದೆ ಉಬ್ಬಿತ್ತು. ನಾಲ್ಕು ದಿನದಲ್ಲಿ ಜೋಡಿಸಿದೆ. ಬಾಗಿಲು ಸರಾಗವಾಗಿ ಏರಿತು, ಇಳಿಯಿತು. ಕಡೆಯ ಜೋಡಿ ಮಾತ್ರ ಒಣಗಂಟಲಿನ ಮುದುಕನ ಹಾಗೆ ಕಿರುಗುಟ್ಟುತ್ತಿತ್ತು. ಗ್ರಾಫೈಟಿನ ಮೇಲೆ ಓಡುವ ಗೇರು ಹಾಗೆಯೇ ಸದ್ದು ಮಾಡುತ್ತದೆ, ಅದು ನನಗೆ ಗೊತ್ತಿದ್ದ ವಿಷಯವೇ.

ಐದನೆಯ ದಿನ ಮಣ್ಣೆತ್ತಿನ ಅಮವಾಸ್ಯೆ. ನಮ್ಮ ಕಡೆ ಅಂದು ಮಣ್ಣಿನಲ್ಲಿ ಜೋಡೆತ್ತು ಮಾಡಿ ಪೂಜಿಸುತ್ತಾರೆ. ಮಾಮಾ ಭಟ್ಟಿಗೆ ಇಟ್ಟಿಗೆ ಕಟ್ಟಲು ಇಟ್ಟಿದ್ದ ಬಿಳಿ ಮಣ್ಣಿನಲ್ಲೇ ಎರಡು ಎತ್ತು ಮಾಡಿ, ಕೊಂಬಿಗೆ ಜೋಳದ ಕಾಳು ಒತ್ತಿ, ಭಟ್ಟಿಯ ಕಟ್ಟೆಯ ಮೇಲಿಟ್ಟಿದ್ದರು. ಒಲೆ ಆರಿಸಿ ದುರಸ್ತಿ ನಡೆದಿದ್ದ ದಿನಗಳವು. ಮರುದಿನ ಮತ್ತೆ ಉರಿ ಹಾಕುವವರಿದ್ದರು. ಮಾಮಾ ಊದುಬತ್ತಿ ಹಚ್ಚಿದರು, ಕಾಯಿ ಒಡೆದರು. ನಾನು ಮೋಟಾರಿಗೆ, ಪೆಟ್ಟಿಗೆಗೆ, ಕೈಚಕ್ರಕ್ಕೆ ಕುಂಕುಮ ಹಚ್ಚುತ್ತ ಆ ಒಣ ಜೋಡಿಯ ಮುಂದೆ ಬಂದು ನಿಂತೆ.

ಟಿಕೋಟಾದ ನಮ್ಮ ಮನೆಯಲ್ಲಿ ಅಮವಾಸ್ಯೆಯ ದಿನ ಬಂಡಿ ಹೂಡುತ್ತಿರಲಿಲ್ಲ. ಗಾಲಿ ಬಿಚ್ಚಿ, ತೊಳೆದು, ಅಚ್ಚಿಗೆ ಕೀಲೆಣ್ಣೆ ಹಚ್ಚಿ, ಆಮೇಲೆ ಪೂಜೆ. ಬಂಡಿ ಮಾರಿ ಟ್ರ್ಯಾಕ್ಟರು ಬಂದ ಮೇಲೆ ಅದಕ್ಕೂ ಇದೇ ಉಪಚಾರ ನಡೆಯಿತು. ನಮ್ಮ ಇಬ್ರಾಹಿಂಪುರದ ಶೆಡ್ಡಿನಲ್ಲೂ ಅಮವಾಸ್ಯೆಗೆ ನಾವು ಕಾಯಿ ಒಡೆಯುತ್ತೇವೆ, ಯಂತ್ರಗಳಿಗೆ ಎಣ್ಣೆ ಬಿಡುತ್ತೇವೆ. ಉಸ್ತಾದರು ಟೋಪಿ ಸರಿ ಮಾಡಿಕೊಂಡು ಪಕ್ಕಕ್ಕೆ ನಿಂತು, ಕಡೆಗೆ ಒಂದು ಹೋಳು ಕೊಬ್ಬರಿ ತಿನ್ನುತ್ತಾರೆ. ತಿರುಗುವ ವಸ್ತುವನ್ನು ಅಮವಾಸ್ಯೆಯ ದಿನ ಒಣಗಿಸಿ ಇಡುವುದೆಂದರೆ ಹಬ್ಬದ ದಿನ ಎತ್ತನ್ನು ಉಪವಾಸ ಕಟ್ಟಿದ ಹಾಗೆ. ಹಾಗಂತ ಯಾರೂ ಬಾಯಿಬಿಟ್ಟು ಕಲಿಸಿಲ್ಲ, ಕೈಗೇ ಗೊತ್ತು.

ಉಸ್ತಾದರ ಮಾತು ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಒಂದು ಬೊಟ್ಟು ಹಚ್ಚಿದರೆ ಏನಾಗುತ್ತದೆ ಎಂದುಕೊಂಡೆ. ಹದಿನೆಂಟು ವರ್ಷ ಕೆಲಸ ಮಾಡಿದವನಿಗೆ ಇಷ್ಟೂ ಗೊತ್ತಾಗುವುದಿಲ್ಲವೇ ಎಂದೂ ಅಂದುಕೊಂಡೆ. ಚೀಲದಿಂದ ಗ್ರೀಸಿನ ಡಬ್ಬ ತೆಗೆದು ಒಂದು ಬೊಟ್ಟು ಹಚ್ಚಿ ಕೈಚಕ್ರ ತಿರುಗಿಸಿದೆ. ಕಿರುಗುಡುವ ಸದ್ದು ಅರ್ಧ ಇಳಿಯಿತು. ಅದು ಕಿವಿಗೆ ಎಷ್ಟು ಹಿತವಾಗಿತ್ತೆಂದರೆ ಇನ್ನೊಂದು ಬೊಟ್ಟು, ಮತ್ತೊಂದು ಬೊಟ್ಟು, ಕಡೆಗೆ ಅಂಗೈ ತುಂಬ ತೆಗೆದು ಹಲ್ಲಿನ ಸಂದಿಗೆಲ್ಲ ತುಂಬಿದೆ. ಮಾಮಾ ಊದುಬತ್ತಿ ಹಿಡಿದು ಪಕ್ಕದಲ್ಲೇ ನಿಂತಿದ್ದರು.

"ಈಗ ಚಲೋ ಆತು ನೋಡು, ಅಳೂದ ನಿಲ್ಲಿಸ್ತು" ಎಂದರು.

ಮರುದಿನ ನಾನು ಊರಿಗೆ ಮರಳಿದೆ.

ಮೂರು ವಾರಕ್ಕೆ ನನಗೆ ಮೇಸ್ತ್ರಿಯ ಫೋನು ಬಂತು. ಉಸ್ತಾದರ ಬೆಂಚಿನ ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. ಬಾಗಿಲು ಅರ್ಧಕ್ಕೆ ಏರಿ ನಿಂತುಬಿಟ್ಟಿತ್ತು. ಮೋಟಾರು ಗುಂಯ್ ಎಂದು ಬಂದ್ ಆಗಿತ್ತು. ಒಳಗೆ ಕಾಯ್ದ ದಿಮ್ಮಿಗಳು, ಹೊರಗೆ ಉಗುಳುತ್ತಿದ್ದ ಉರಿ. ಮಾಮಾ ಕೈಚಕ್ರಕ್ಕೆ ಪೈಪು ತೂರಿಸಿ ಮೈಭಾರ ಹಾಕಿ ತಿರುಗಿಸಿದ್ದಾರೆ. ಹಿಡಿದು ನಿಂತಿದ್ದ ಗೇರು ಒಮ್ಮೆಲೇ ಬಿಟ್ಟಿದೆ, ಬಾಗಿಲು ಧಡ್ಡನೆ ಕುಸಿದಿದೆ, ಅಂಚಿನಿಂದ ಬೆಂಕಿ ಹೊರಗೆ ಚಿಮ್ಮಿದೆ.

"ನಿಮ್ಮ ಮಾಮಾನ ಕೈ ಸುಟ್ಟೈತ್ರಿ. ಜೀವಕ್ಕೇನೂ ಇಲ್ಲ" ಎಂದ ಮೇಸ್ತ್ರಿ.

ಮೊದಲು ಅಲ್ಲಿಯ ಆಸ್ಪತ್ರೆ, ಆಮೇಲೆ ವಿಜಯಪುರದ ಆಸ್ಪತ್ರೆ. ನಾಲ್ಕು ತಿಂಗಳು ಬೇಕಾಯಿತು. ಬಲಗೈಯ ಬೆರಳುಗಳು ಒಳಕ್ಕೆ ಬಾಗಿ, ಏನನ್ನೋ ಹಿಡಿದುಕೊಂಡಂತೆ ಹಾಗೇ ನಿಂತವು. ಹೆಬ್ಬೆರಳು, ತೋರುಬೆರಳು ಮಾತ್ರ ಸ್ವಲ್ಪ ಆಡುತ್ತಿದ್ದವು. ಮಾಮಾ ಬಬಲೇಶ್ವರಕ್ಕೆ ಮರಳಿ ಮತ್ತೆ ಆಡುಗಳ ಹಿಂದೆ ನಿಂತರು.

ಅವರು ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಆ ಜೋಡಿ ಗೇರು ಲಾರಿಯಲ್ಲಿ ನಮ್ಮ ಶೆಡ್ಡಿಗೆ ಬಂತು, ಹಿಂದೆಯೇ ಕಾರ್ಖಾನೆಯ ಇಂಜಿನಿಯರ್ ಸಾಹೇಬರೂ ಬಂದರು. ಗೋಣಿತಟ್ಟು ಬಿಚ್ಚಿದೆವು. ಹಲ್ಲಿನ ಸಂದಿಗಳಲ್ಲಿ ಕಲ್ಲಿನಂತೆ ಗಟ್ಟಿಯಾದ ಕರಿ ಹೆಪ್ಪು. ಗ್ರೀಸು ಕಾದು ಕರಗಿ, ಭಟ್ಟಿಯ ಧೂಳನ್ನೆಲ್ಲ ಮೆತ್ತಿಕೊಂಡು, ಸುಟ್ಟು ಇದ್ದಿಲಾಗಿತ್ತು. ಉಸ್ತಾದರು ಎಷ್ಟು ಜತನದಿಂದ ಬಿಟ್ಟಿದ್ದ ಸಂದು, ಅದನ್ನು ನಾನು ನನ್ನ ಕೈಯಾರೆ ತುಂಬಿದ್ದೆ. ಬೀಗರ ನಡುವಿನ ಜಾಗ ಮುಚ್ಚಿಹೋಗಿತ್ತು.

ಉಸ್ತಾದರು ಒಂದು ಚೂರು ಕೆರೆದು ಮೂಗಿಗೆ ಹಿಡಿದರು. ನನ್ನ ಕಡೆ ಒಂದೇ ಒಂದು ಸಲ ನೋಡಿದರು. ನಾನು ನೆಲ ನೋಡಿದೆ. ಗ್ರಾಫೈಟೂ ಕಪ್ಪೇ ಆದ್ದರಿಂದ ಸಾಹೇಬರಿಗೆ ಏನೂ ಗೊತ್ತಾಗಲಿಲ್ಲ.

"ಸಂದ ಕಡಿಮಿ ಬಿಟ್ಟೀನ್ರಿ ಸಾಹೇಬ್ರ" ಎಂದರು ಉಸ್ತಾದರು. "ತಪ್ಪು ನಂದು."

ಆಗ ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಅಕ್ಕನ ಮುಖ ಕಣ್ಣ ಮುಂದೆ ಬಂತು, ನನ್ನ ಕೆಲಸ ಕಣ್ಣ ಮುಂದೆ ಬಂತು, ಸುಮ್ಮನೆ ನಿಂತೆ. ಹೇಡಿತನಕ್ಕೆ ಬೇರೆ ಹೆಸರು ಹುಡುಕಿ ಪ್ರಯೋಜನವಿಲ್ಲ. ಅಂದಿನಿಂದ ಉಸ್ತಾದರು ಭಟ್ಟಿಯ ಕೆಲಸ ಬಿಟ್ಟರು. ಆ ಗೇರುಗಳ ಹಲ್ಲಿನ ಅಳತೆಗೆ ಕತ್ತರಿಸಿಟ್ಟಿದ್ದ ರಟ್ಟಿನ ಅಚ್ಚುಗಳನ್ನು ಗೋಡೆಯಿಂದ ಇಳಿಸಿ ಬೀರುವಿನ ಮೇಲಿಟ್ಟರು. ಸುಟ್ಟ ಜೋಡಿಯನ್ನು ಗೋಣಿತಟ್ಟಿನಲ್ಲಿ ಸುತ್ತಿ ಬೆಂಚಿನ ಕೆಳಗೆ ತಳ್ಳಿದರು. ಕೆಲಸ ಕೇಳಿಕೊಂಡು ಬಂದವರಿಗೆ ಕಣ್ಣು ಕಾಣೂದಿಲ್ಲ ಎನ್ನುತ್ತಿದ್ದರು. ಅದೇ ಕಣ್ಣಿನಲ್ಲಿ ದ್ರಾಕ್ಷಿ ಯಂತ್ರದ ಗೇರಿನ ಕೂದಲೆಳೆಯಷ್ಟು ತಪ್ಪು ಹಿಡಿಯುತ್ತಿದ್ದರು.

ಮರುವರ್ಷ ರಂಜಾನ್ ಹಬ್ಬಕ್ಕೆ ಉಸ್ತಾದರ ಮನೆಯವರು ಸ್ಟೀಲಿನ ಡಬ್ಬಿಯ ತುಂಬ ಸುರಕುಂಬಾ ಮಾಡಿ ಕೊಟ್ಟರು. ಹಾಲು, ಶಾವಿಗೆ, ಖರ್ಜೂರ, ಮೇಲೆ ಬೆರಳು ದಪ್ಪ ಕೆನೆ.

"ಬಬಲೇಶ್ವರಕ್ಕ ಒಯ್ದು ಕೊಡು" ಎಂದರು ಉಸ್ತಾದರು. "ನಾ ಬರಬೇಕಾಗಿತ್ತು. ತೋರಸಾಕ ನನಗ ಮಾರಿ ಇಲ್ಲ."

ಬೈಕಿನಲ್ಲಿ ಒಯ್ದೆ. ಅಕ್ಕ ಹೊಸ್ತಿಲಲ್ಲೇ ತಡೆದಳು.

"ಯಾರ ಮನೀದಲೇ ಅದು?"

"ಉಸ್ತಾದರ ಮನೀದಕ್ಕಾ. ಹಬ್ಬದ್ದು."

"ಆ ಗೇರು ಮಾಡಿದ ಮುದುಕನ ಮನೀದೇನು? ನನ್ನ ಮನ್ಯಾಗ ಬ್ಯಾಡ. ಅವನ ಕೈ ಸುಡಲಿ, ಆವಾಗ ಗೊತ್ತಾಕೈತಿ. ತಗೊಂಡು ನಡಿ."

ಅಕ್ಕ ಶಪಿಸಿದ್ದು ನನ್ನ ಕೈಯನ್ನು, ಆದರೆ ಅದು ಅವಳಿಗೆ ಗೊತ್ತಿರಲಿಲ್ಲ. ನಾನು ಡಬ್ಬಿ ಹಿಡಿದುಕೊಂಡು ಬೈಕು ಹತ್ತಿದೆ. ಟಿಕೋಟಾಕ್ಕೆ ಒಯ್ದರೆ ಹೆಂಡತಿ ಕೇಳುತ್ತಾಳೆ. ಚೆಲ್ಲಲು ಕೈ ಬರಲಿಲ್ಲ, ಅದು ಹಬ್ಬದ ಅನ್ನ. ಸಾರವಾಡದ ಬಸ್ ಸ್ಟ್ಯಾಂಡಿನಲ್ಲಿ ಬೈಕು ನಿಲ್ಲಿಸಿ, ಕಲ್ಲು ಬೆಂಚಿನ ಮೇಲೆ ಕೂತು, ಅಷ್ಟನ್ನೂ ನಾನೇ ಕುಡಿದೆ. ಅಲ್ಲಿಯ ನಳಕ್ಕೆ ಹಿಡಿದು ಡಬ್ಬಿ ತೊಳೆದೆ. ಮರುದಿನ ಉಸ್ತಾದರ ಕೈಗೆ ಕೊಟ್ಟೆ.

"ಹೆಂಗಿತ್ತಂತ?"

"ಭಾಳ ಚಲೋ ಇತ್ತಂತ್ರಿ. ಮಾಮಾ ಎರಡ ಸಲ ಹಾಕಿಸಿಕೊಂಡ್ರು."

ಇಷ್ಟು ಬಣ್ಣ ಹಚ್ಚುವ ಅಗತ್ಯವಿರಲಿಲ್ಲ. ಸುಳ್ಳುಗಾರನಿಗೆ ಉಪ್ಪು ಎಷ್ಟು ಹಾಕಬೇಕೆಂದು ಗೊತ್ತಾಗುವುದಿಲ್ಲ. ಎರಡನೆಯ ವರ್ಷವೂ ಹೀಗೆಯೇ ಆಯಿತು, ಮೂರನೆಯ ವರ್ಷವೂ ಹೀಗೆಯೇ. ಅದೇ ಹೊಸ್ತಿಲು, ಅದೇ ಸಾರವಾಡದ ಬೆಂಚು, ಅದೇ ನಳ. ಮೂರನೆಯ ಸಲ ಖರ್ಜೂರ ಅಗಿಯುತ್ತಿದ್ದಾಗ ಕಣ್ಣೀರು ಬಂತು. ಯಾರಾದರೂ ನೋಡಿದರೆ ಕೆಮ್ಮು ಅನ್ನಲಿ ಎಂದು ಕೆಮ್ಮಿದೆ.

ಆ ಮೂರನೆಯ ಸಲ ಉಸ್ತಾದರು ಡಬ್ಬಿ ಇಸಿದುಕೊಂಡು ಹೇಗಿತ್ತೆಂದು ಕೇಳಲಿಲ್ಲ. ಮಧ್ಯಾಹ್ನದ ಹೊತ್ತು, ಉಳಿದವರು ಊಟಕ್ಕೆ ಹೋಗಿದ್ದರು. ಮುಚ್ಚಳ ತೆಗೆದರು. ಒಳಗೆ ನೋಡಿದರು. ಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ಇಟ್ಟರು.

"ನಮ್ಮ ಕಡಿ ಯಾರರ ಡಬ್ಬಿ ಖಾಲಿ ಹೊಳ್ಳಿ ಕೊಡತಾರೇನು?" ಎಂದರು. "ಏನೂ ಇಲ್ಲಂದ್ರ ಒಂದ ಹಿಡಿ ಶೇಂಗಾ ಹಾಕತಾರ. ಅದೂ ಇಲ್ಲಂದ್ರ ಒಂದ ಚಿಟಿಕಿ ಸಕ್ಕರಿ. ಮೂರು ವರ್ಷ ಆತು, ಮೂರೂ ಸಲ ತೊಳದ ಡಬ್ಬಿ ತಂದಿ. ನಿಮ್ಮ ಅಕ್ಕ ಅಂಥಾ ಮನಿತನದಾಕಿ ಅಲ್ಲ."

ಇಷ್ಟು ದೊಡ್ಡ ಸುಳ್ಳನ್ನು ಕಟ್ಟುವಾಗ ಒಂದು ಹಿಡಿ ಶೇಂಗಾ ನೆನಪಾಗಿರಲಿಲ್ಲ.

"ಗ್ರೀಸ್ ಹಚ್ಚಿದಾಂವ ನಾನ್ರಿ ಉಸ್ತಾದರ" ಎಂದೆ.

"ಗೊತ್ತೈತಿ. ತಟ್ಟು ಬಿಚ್ಚಿದ ದಿನಾನ ಗೊತ್ತಾತು. ಗ್ರಾಫೈಟಿಗೆ ಆ ವಾಸನಿ ಇರೂದಿಲ್ಲ."

"ಮತ್ತ ನೀವ್ಯಾಕ ನಿಮ್ಮ ಮ್ಯಾಲ ಹಾಕ್ಕೊಂಡ್ರಿ?"

ಅವರು ಡಬ್ಬಿಯ ಮುಚ್ಚಳವನ್ನು ಬಟ್ಟೆಯಿಂದ ಒರೆಸಿದರು.

"ಯಾಕ ಹಚ್ಚಬಾರದು ಅಂತ ನೀ ಕೇಳಿದ್ದಿ. ನಾ ಹೇಳಲಿಲ್ಲ. ಎಲ್ಲಾ ಹೇಳಿಬಿಟ್ರ ನಾಳೆ ನೀ ಬ್ಯಾರೆ ಶೆಡ್ ಹಾಕತಿ ಅಂತ ಅಂಜಿಕಿ. ಗ್ರೀಸ್ ಸುಟ್ಟು ಸಂದ ತುಂಬತೈತಿ ಅನ್ನೂ ಒಂದ ಮಾತು, ಅದನ್ನ ಕಿಸೇದಾಗ ಇಟ್ಕೊಂಡೆ. ಅದಕ್ಕ ತಪ್ಪು ನಂದು ಅಂದಿದ್ದು ಸುಳ್ಳಲ್ಲ ಬೇಟಾ. ಅರ್ಧ ನಂದ ಐತಿ. ಉಳದ ಅರ್ಧ ನೀ ಬಂದು ಒಯ್ತಿ ಅಂತ ಮೂರು ವರ್ಷ ಕಾದೀನಿ."

ಅವರು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಡಬ್ಬಿಯ ಮುಚ್ಚಳ ಹಾಕಿ ನನ್ನ ಕಡೆ ಸರಿಸಿದರು.

"ಖಾಲೀನ ತಗೊಂಡು ಹೋಗು. ನನಗ ಹೇಳಿದ್ದು ಅಲ್ಲೂ ಹೇಳು. ಅಕ್ಕ ತುಂಬಿ ಕೊಟ್ರ ತಾ. ಇಲ್ಲಂದ್ರ ಡಬ್ಬಿ ಅಲ್ಲೇ ಇರಲಿ."

ಅಂದೇ ಹೋದೆ. ಮರುದಿನಕ್ಕೆ ಇಟ್ಟಿದ್ದರೆ ಇನ್ನೂ ಮೂರು ವರ್ಷ ಹೋಗುತ್ತಿತ್ತು, ನನ್ನ ಬಗ್ಗೆ ನನಗೆ ಅಷ್ಟು ಗೊತ್ತು. ಸಾರವಾಡ ದಾಟುವಾಗ ಬಸ್ ಸ್ಟ್ಯಾಂಡಿನ ಕಡೆ ನೋಡಲಿಲ್ಲ.

ಅಕ್ಕ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಾಮಾ ಅಂಗಳದ ಬೇವಿನ ಕೆಳಗೆ ಎಡಗೈಯಿಂದ ಆಡಿನ ಮರಿಗೆ ಸೊಪ್ಪು ತಿನ್ನಿಸುತ್ತಿದ್ದರು. ನಾನು ನಿಂತೇ ಹೇಳಿದೆ. ಕೂತರೆ ಮಾತು ತಿರುಗುತ್ತದೆ ಎಂಬ ಭಯ. ಅಮವಾಸ್ಯೆ, ಒಂದು ಬೊಟ್ಟು, ಅಂಗೈ ತುಂಬ ಗ್ರೀಸು, ಅದು ಸುಟ್ಟು ಹಲ್ಲು ಹಿಡಿದದ್ದು, ಉಸ್ತಾದರು ತಪ್ಪು ತಮ್ಮದೆಂದದ್ದು, ಎಲ್ಲ ಹೇಳಿದೆ. ಅಕ್ಕನ ಕೈಯಲ್ಲಿ ಮೊರ ನಿಂತಿತು.

ಮಾಮಾ ಮರಿಯ ಬಾಯಿಂದ ಸೊಪ್ಪು ಬಿಡಿಸಿ ಕೆಳಗಿಟ್ಟರು.

"ನೀ ಹಚ್ಚಿದ್ದು ನಾ ನೋಡೀನಿ" ಎಂದರು. "ಊದುಬತ್ತಿ ಹಿಡಕೊಂಡು ಬಾಜೂಕ ನಿಂತಿದ್ದೆ. ಚಲೋ ಆತು ಅಂತ ನಾನ ಅಂದೆ. ಹಚ್ಚಬಾರದು ಅಂತ ನನಗ ಗೊತ್ತಿರಲಿಲ್ಲ." ಆಮೇಲೆ ನನ್ನ ಮುಖ ನೋಡಿದರು. "ನಿನಗ ಗೊತ್ತಿತ್ತೇನು?"

ಮೂರು ವರ್ಷ ನಾನು ಹೆದರಿದ್ದು ಈ ಒಂದು ಪ್ರಶ್ನೆಗೆ. ಗೊತ್ತಿರಲಿಲ್ಲ ಎಂದರೆ ಅದು ಬರೀ ಅಪಘಾತ. ಮಾಮಾ ನಂಬುತ್ತಿದ್ದರು.

"ಗೊತ್ತಿತ್ತರಿ" ಎಂದೆ. "ಉಸ್ತಾದರು ಬ್ಯಾಡ ಅಂದಿದ್ರು."

ಮಾಮಾ ಬಾಗಿದ ಬೆರಳುಗಳನ್ನು ಎಡಗೈಯೊಳಗೆ ಮುಚ್ಚಿಕೊಂಡು ಕೂತರು. ಅಕ್ಕ ಎದ್ದು ನನ್ನೆದುರು ಬಂದು ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದರೆ ಒಳ್ಳೆಯದು ಎಂದೂ ಅಂದುಕೊಂಡೆ.

"ಮೂರು ವರ್ಷ ಆ ಮನೀ ಅನ್ನ ಹೊಳ್ಳಿ ಕಳಿಸೀನಿ" ಎಂದಳು. "ಅದನ್ನೇನು ಮಾಡಿದಿ?"

"ಸಾರವಾಡದಾಗ ಕೂತು ನಾನ ತಿಂದೆ ಅಕ್ಕಾ."

ಅವಳು ನನ್ನ ಕೈಯಿಂದ ಡಬ್ಬಿ ಕಸಿದುಕೊಂಡಳು. ಒಳಗೆ ಹೋದಳು. ಪಾತ್ರೆಗಳ ನಡುವೆ ಅದನ್ನು ಇಟ್ಟ ಸದ್ದು ಕೇಳಿಸಿತು. ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತು ನಿಂತು, ನೀರೂ ಕುಡಿಯದೆ ಹೊರಟೆ. ಅಕ್ಕನ ಮನೆಯಿಂದ ನೀರು ಕುಡಿಯದೆ ಬಂದದ್ದು ಅದೇ ಮೊದಲು.

ಆಮೇಲೆ ಫೋನಿಲ್ಲ, ಸುದ್ದಿಯಿಲ್ಲ. ಉಸ್ತಾದರು ದಿನಾ ಬೆಳಿಗ್ಗೆ ನನ್ನ ಕೈ ನೋಡುತ್ತಿದ್ದರು. ಖಾಲಿ ಕೈ ಕಂಡು ಲೇಥಿನ ಕಡೆ ತಿರುಗುತ್ತಿದ್ದರು. ಹೇಳಿಬಿಟ್ಟರೆ ಹಗುರಾಗುತ್ತದೆ ಎಂದು ಜನ ಹೇಳುತ್ತಾರಲ್ಲ, ನನಗಂತೂ ಹೊರೆ ಒಂದು ಹೆಗಲಿನಿಂದ ಇನ್ನೊಂದಕ್ಕೆ ಸರಿದಂತಾಯಿತು, ಅಷ್ಟೇ. ಕಾರಹುಣ್ಣಿಮೆ ಬಂತು, ಹೋಯಿತು. ಹಬ್ಬಕ್ಕೆ ಅಕ್ಕ ಕರೆಯಲಿಲ್ಲ.

ಮಣ್ಣೆತ್ತಿನ ಅಮವಾಸ್ಯೆಯ ದಿನ ಶೆಡ್ಡಿನಲ್ಲಿ ಯಂತ್ರಗಳನ್ನು ಒರೆಸಿ, ಎಣ್ಣೆ ಬಿಟ್ಟು, ಕಾಯಿ ಒಡೆಯುವ ಹೊತ್ತಿಗೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಹಿಂದೆ ಮಾಮಾ. ಬಬಲೇಶ್ವರದಿಂದ ಬಸ್ಸಿಗೆ ಬಂದಿದ್ದರು. ಅಕ್ಕ ನನ್ನನ್ನು ದಾಟಿ ನೇರ ಉಸ್ತಾದರ ಮುಂದೆ ಹೋಗಿ ಎರಡೂ ಕೈಯಿಂದ ಡಬ್ಬಿ ಹಿಡಿದಳು. ಶೇಂಗಾ ಹೋಳಿಗೆ ಒತ್ತೊತ್ತಾಗಿ ತುಂಬಿ ಮುಚ್ಚಳ ಕೂರುತ್ತಿರಲಿಲ್ಲ.

"ನಿಮಗ ಕೆಟ್ಟ ಬಾಯಿ ಮಾಡೀನ್ರೀ ಯಪ್ಪಾ" ಎಂದಳು. "ಹೊಟ್ಟ್ಯಾಗ ಹಾಕ್ಕೋರಿ."

ಉಸ್ತಾದರು ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು ಮಾಮಾನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ಒಂದು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡರು. ಎಲ್ಲರಿಗೂ ಅಕ್ಕನೇ ಹಂಚಿದಳು. ನನ್ನ ಮುಂದೆ ಬಂದಾಗ ಕೈ ಚಾಚಿದೆ. ಅವಳು ಪಕ್ಕದವನಿಗೆ ಕೊಟ್ಟು ಮುಂದೆ ಹೋದಳು.

ಉಸ್ತಾದರು ಬೆಂಚಿನ ಕೆಳಗೆ ಬಗ್ಗಿ ಗೋಣಿತಟ್ಟಿನ ಗಂಟು ಎಳೆದರು. ಮೂರು ವರ್ಷದ ಧೂಳು ಎದ್ದಿತು. ಸುಟ್ಟ ಜೋಡಿಯ ದೊಡ್ಡ ಗೇರನ್ನು ನೆಲದ ಮೇಲಿನ ಸ್ಟ್ಯಾಂಡಿನ ಕಂಬಿಗೆ ಏರಿಸಿ, ನನ್ನ ಕೈಗೆ ಒಂದು ಸಣ್ಣ ಉಳಿ ಕೊಟ್ಟರು. ಏನು ಮಾಡಬೇಕೆಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ನೆಲದ ಮೇಲೆ ಕೂತು ಮೊದಲ ಸಂದಿಗೆ ಉಳಿ ಇಟ್ಟೆ. ಒಂದು ಕೈಯಿಂದ ಉಳಿ ಹಿಡಿದು ಇನ್ನೊಂದು ಕೈಯಿಂದ ಸುತ್ತಿಗೆ ಬಡಿದರೆ ಗೇರು ತಿರುಗಿ ಹೋಗುತ್ತಿತ್ತು. ಎರಡು ಸಲ ಜಾರಿತು. ಮೂರನೆಯ ಸಲ ಎದುರಿಗೆ ಯಾರೋ ಕೂತರು. ಮಾಮಾ. ಬಾಗಿದ ಬೆರಳುಗಳನ್ನು ಹಲ್ಲುಗಳ ನಡುವೆ ಸಿಕ್ಕಿಸಿ ಗೇರನ್ನು ಹಿಡಿದರು. ನೇರ ಬೆರಳಿನವರಿಗಿಂತ ಗಟ್ಟಿಯಾಗಿ ಹಿಡಿದರು. ನಾನು ಬಡಿದೆ. ಕರಿ ಹೆಪ್ಪು ಚಕ್ಕೆಯಾಗಿ ಎದ್ದಿತು. ಆ ಹಳೆಯ ವಾಸನೆ ಬಂತು. ಮಾಮಾನ ಮೂಗಿನ ಹೊಳ್ಳೆ ಒಮ್ಮೆ ಅರಳಿತು, ಕೈ ಮಾತ್ರ ಬಿಡಲಿಲ್ಲ. ಸಂದು ಬರಿದಾದಾಗ ಅವರು ಗೇರನ್ನು ಒಂದು ಹಲ್ಲು ಮುಂದಕ್ಕೆ ತಿರುಗಿಸಿದರು.

ಹೀಗೆ ಎಷ್ಟು ಹೊತ್ತು ಹೋಯಿತೋ. ಅವರು ತಿರುಗಿಸುತ್ತಿದ್ದರು, ನಾನು ಕೆರೆಯುತ್ತಿದ್ದೆ. ಉಸ್ತಾದರು ಬೀರುವಿನ ಮೇಲಿಂದ ರಟ್ಟಿನ ಅಚ್ಚುಗಳನ್ನು ಇಳಿಸಿ ಧೂಳು ಒರೆಸುತ್ತಿದ್ದರು. ಕಣ್ಣು ಮಂಜಾಗಿ ನಾನು ಕೈ ನಿಲ್ಲಿಸಿ ಅಂಗಿಯ ತೋಳಿಗೆ ಮುಖ ಒರೆಸಿಕೊಂಡು, ಇಷ್ಟು ಸಾಕು ಎಂದು ಉಳಿ ಕೆಳಗಿಟ್ಟೆ.

ಹಿಂದೆ ನಿಂತಿದ್ದ ಅಕ್ಕ ಬಗ್ಗಿ ನೋಡಿದಳು. ಎರಡು ತಿಂಗಳಲ್ಲಿ ನನ್ನ ಹತ್ತಿರ ಅವಳು ಆಡಿದ ಮೊದಲ ಮಾತು ಅದು.

"ಆ ಸಂದ್ಯಾಗ ಇನ್ನೂ ಉಳದೈತಿ" ಎಂದಳು. "ಕೆರಿ."